ವರ್ನಾ ಮೇ ಬೋಟಿನ ಎರಡು ಪಕ್ಕ

"ಗಾಡಿ ಕೆಟ್ಟಿದೆ" ಎಂದ ಗಾರ್ನೆಟ್.

ಅವನು ಹಾಗೆನ್ನುವಾಗ ಅವನ ಬೆನ್ನ ಹಿಂದೆಯೇ ಗಾಡಿ ಓಡುತ್ತಿತ್ತು. ಹಳಿಗಳ ಮೇಲೆ ಸರಪಳಿ ಕಿರುಗುಡುತ್ತ ಊರಿನ ಮೀನುಗಾರ ಡ್ವೇಯ್ನ್‌ನ ಬಿಳಿ ಬೋಟನ್ನು ನೀರಿನಿಂದ ರಿಪೇರಿ ಯಾರ್ಡಿಗೆ ಎಳೆಯುತ್ತಿತ್ತು. ಬೋಟಿನ ಹೊಟ್ಟೆಯಿಂದ ಪಾಚಿನೀರು ಸುರಿಯುತ್ತಿತ್ತು. ಡೋರೀನ್ ಗಾಡಿಯನ್ನು ನೋಡಿದಳು. ಗಾರ್ನೆಟ್‌ನನ್ನು ನೋಡಿದಳು. ಅವನು ತಿರುಗಿ ಕೂಡ ನೋಡಲಿಲ್ಲ.

"ಮತ್ತೆ ಅದೇನು?"

"ಅದಾ? ಕೆಡೋಕೆ ಮುಂಚೆ ಹತ್ತಿಸಿದ್ದು."

ಯಂತ್ರದ ಹತ್ತಿರ ನಿಂತಿದ್ದ ಆಳು ನಕ್ಕ. ಗಾರ್ನೆಟ್ ನಗಲಿಲ್ಲ. ಸುಳ್ಳನ್ನು ಕೊಂಚ ಚೆನ್ನಾಗಿ ಹೇಳುವ ಕಷ್ಟವನ್ನೂ ಅವನು ತೆಗೆದುಕೊಳ್ಳಲಿಲ್ಲ. ಡೋರೀನ್‌ಳನ್ನು ಸುಟ್ಟದ್ದು ಅದು. ಈ ಒಂದು ವಾರದಲ್ಲಿ ಅವಳು ಕೇಳಿದ ಮೂರನೆಯ ಯಾರ್ಡು ಇದು. ಮೊದಲಿನವನು ಫೋನ್ ಇಟ್ಟುಬಿಟ್ಟಿದ್ದ. ಎರಡನೆಯವನು ಜಾಗವಿಲ್ಲ ಎಂದಿದ್ದ, ಖಾಲಿ ಅಂಗಳದ ನಡುವೆ ನಿಂತುಕೊಂಡು.

"ನನ್ನ ಬೋಟಿಗೆ ನಾಲ್ಕು ಹಲಗೆ ಹಾಕ್ಬೇಕು ಅಷ್ಟೇ ಗಾರ್ನೆಟ್. ಆ ಪಕ್ಕ ಎರಡು, ಈ ಪಕ್ಕ ಎರಡು. ಕೆಲಸವೆಲ್ಲ ನಾವೇ ಮಾಡ್ಕೋತೀವಿ. ನೀನು ಮೇಲಕ್ಕೆ ಎತ್ತು, ಎರಡು ದಿನ ಬಿಟ್ಟು ಕೆಳಕ್ಕೆ ಇಳಿಸು. ಬೇರೆಯವರ ಹತ್ರ ಏನು ತಗೋತೀಯೋ ಅದರ ಮೇಲೆ ಕೊಡ್ತೀನಿ."

ಗಾರ್ನೆಟ್ ಅವಳನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿದ. ಅವನಿಗೆ ಅರವತ್ತು ಹತ್ತಿರ. ಯಾರ್ಡು ಅವನದು. ಹಾರ್ಡಿಸ್ ಕೋವ್ ಊರಿನ ದಕ್ಕೆಯ ಸಮಿತಿಗೂ ಅವನೇ ಮುಖ್ಯಸ್ಥ.

"ನೋಡು, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಾಗದ ಬರೆದುಕೊಡು. ಈ ಕೊಲ್ಲಿಯಲ್ಲಿ ಲಾಬ್‌ಸ್ಟರ್ ಹಿಡಿಯೋ ಬೋನು ಇಡಲ್ಲ ಅಂತ. ನಾಳೆನೇ ಎತ್ತಿಸ್ತೀನಿ."

"ಬೋನು ಇಡೋದಕ್ಕಲ್ವಾ ಬೋಟು ಕೊಂಡಿದ್ದು?"

"ಅದೇ ನೋಡು ನಿಮ್ಮ ಜನದ ಕಷ್ಟ" ಎಂದು ಗಾರ್ನೆಟ್ ತಲೆಯಾಡಿಸಿದ. "ಒಳ್ಳೇ ಮಾತು ಹೇಳಿದ್ರೂ ತಗೊಳಲ್ಲ."

ಅವಳು ಹೊರಟಳು. ಲಾರಿಯಲ್ಲಿ ತಮ್ಮ ಲೇವಿ ಕಾಯುತ್ತಿದ್ದ. ಅವಳು ಬಾಗಿಲು ಹಾಕಿಕೊಂಡ ರೀತಿಯಲ್ಲೇ ಅವನಿಗೆ ಉತ್ತರ ಸಿಕ್ಕಿತ್ತು.

*

ಡೋರೀನ್ ಗ್ಲೋಡ್ ಈ ನೆಲದ ಮೂಲನಿವಾಸಿಗಳಾದ ಮಿಗ್ಮಾ ಜನದವಳು. ಈ ಕೊಲ್ಲಿಗೆ ಗಾರ್ನೆಟ್‌ನ ಮುತ್ತಜ್ಜಂದಿರು ಹಾಯಿ ಬಿಚ್ಚಿ ಬರುವ ಮೊದಲೂ ಮಿಗ್ಮಾಗಳು ಇಲ್ಲಿ ಮೀನು ಹಿಡಿಯುತ್ತಿದ್ದರು. ಹಿಡಿದು ಬದುಕಬಹುದು ಎಂದು ಬಿಳಿಯರ ರಾಜನೊಡನೆ ಆದ ಹಳೆಯ ಒಪ್ಪಂದ ಹೇಳುತ್ತದೆ. ಹೌದು, ಬದುಕಬಹುದು ಎಂದು ದೊಡ್ಡ ಕೋರ್ಟೂ ಹೇಳಿ ಆಯಿತು. ಆದರೆ ಕೋರ್ಟು ಬೋಟು ಕೊಡುವುದಿಲ್ಲ. ಹಾರ್ಡಿಸ್ ಕೋವ್‌ನಲ್ಲಿ ಎಲ್ಲರದೂ ನಲವತ್ತು, ನಲವತ್ತೈದು ಅಡಿಯ ಬೋಟು. ಮಿಗ್ಮಾಗಳಿಗೆ ಮೀಸಲಿಟ್ಟ ರಿಸರ್ವಿನವರದು ಇಪ್ಪತ್ತು ಅಡಿಯ ತೆರೆದ ದೋಣಿ. ಮಾರಾಟಕ್ಕಿದೆ ಎಂಬ ಬೋರ್ಡು ಕಂಡು ಹೋಗಿ ಬಾಗಿಲು ತಟ್ಟಿದರೆ ಮಾರಿಹೋಯ್ತು ಎನ್ನುತ್ತಿದ್ದರು. ಬೋರ್ಡು ಮಾತ್ರ ಮುಂದಿನ ವರ್ಷವೂ ಅಲ್ಲೇ ಇರುತ್ತಿತ್ತು.

ಅವಳ ಗಂಡ ಸ್ಟೀಫನ್ ಅಂಥ ಒಂದು ದೋಣಿಯಲ್ಲಿ ಹೋದವನು. ನವೆಂಬರ್ ತಿಂಗಳು. ದಡದಿಂದ ಮೂರು ಮೈಲಿ. ದೋಣಿಯ ತುಂಬ ಬೋನು. ಅಡ್ಡಗಾಳಿ ಎದ್ದಾಗ ನೀರು ಬದಿ ಹತ್ತಿ ಒಳಗೆ ಬಂತು. ದೊಡ್ಡ ಬೋಟಾಗಿದ್ದರೆ ಆ ಗಾಳಿಗೆ ಚಹಾ ಲೋಟವೂ ಚೆಲ್ಲುತ್ತಿರಲಿಲ್ಲ. ಎರಡು ದಿನ ಬಿಟ್ಟು ಅವನ ಒಂದು ಬೂಟು ಸಿಕ್ಕಿತು. ಅವನು ಸಿಗಲಿಲ್ಲ. ಅಷ್ಟು ಸಣ್ಣ ದೋಣಿಯಲ್ಲಿ ಅಷ್ಟು ದೂರ ಹೋಗುವವರು ದಡ್ಡರು ಎಂದು ದಕ್ಕೆಯ ಮೇಲೆ ಮಾತಾಡಿಕೊಂಡರು. ಬೋರ್ಡು ಹಾಕಿಕೊಂಡು ಕೂತಿದ್ದವರೇ ಹಾಗೆ ಮಾತಾಡಿಕೊಂಡರು.

ಡೋರೀನ್ ಮತ್ತೆ ಸಮುದ್ರಕ್ಕೆ ಹೋಗುವುದಾದರೆ ದೊಡ್ಡ ಬೋಟಿನಲ್ಲೇ ಹೋಗುವುದು ಎಂದುಕೊಂಡಳು. ಎರಡು ವರ್ಷ ಹಾಗೆ ಎಂದುಕೊಂಡೇ ಕಳೆಯಿತು. ಆಮೇಲೆ ದಕ್ಕೆಯ ಹಳೆಯ ಮೀನುಗಾರ ವೆಂಡಲ್ ಮೊರೆಲ್ ತನ್ನ ಬೋಟು ಮಾರುತ್ತೇನೆಂದು ತಾನಾಗಿ ಹೇಳಿಕಳಿಸಿದ.

ವೆಂಡಲ್‌ಗೆ ಎಪ್ಪತ್ತೆಂಟು. ಸೊಂಟ ಹೋಗಿತ್ತು. ಬೋಟು ಮರದ್ದು, ಮೂವತ್ತೆಂಟು ಅಡಿ, ಹೆಸರು ವರ್ನಾ ಮೇ. ಈಗ ಎಲ್ಲರಿಗೂ ಫೈಬರ್ ಬೇಕು. ಮೂರು ವರ್ಷದಿಂದ ಲಂಗರು ಹಾಕಿದಲ್ಲೇ ಇತ್ತು. ಎಂಜಿನ್ ಚೆನ್ನಾಗಿತ್ತು. ಮೇಲ್ಗಡೆ ಗಟ್ಟಿಯಾಗಿತ್ತು. ಕೆಳಗೆ, ಬೋಟಿನ ಉದ್ದಕ್ಕೂ ಹೋಗುವ ಅಡಿಮರದ ಎರಡೂ ಪಕ್ಕಕ್ಕೆ ಅಂಟಿದ ಹಲಗೆಗಳು ಮೆದುವಾಗಿದ್ದವು. ಒಸರಿದ ನೀರು ಹೊರಹಾಕಲು ಪಂಪು ದಿನಕ್ಕೆ ನಾಲ್ಕು ಸಲ ಓಡಬೇಕಿತ್ತು.

"ನಿನಗೆ ಸುಳ್ಳು ಹೇಳಲ್ಲ" ಎಂದಿದ್ದ ವೆಂಡಲ್. "ಆ ಹಲಗೆ ಹಾಕದೆ ಹೊರಗೆ ತಗೊಂಡು ಹೋಗ್ಬೇಡ. ಮುಳುಗ್ತೀಯ."

"ಅಷ್ಟು ನನಗೂ ಗೊತ್ತಾಗುತ್ತೆ."

"ಮಾರಿದ್ದು ಯಾರಿಗೆ ಅಂತ ಯಾರೂ ಕೇಳದೆ ಇದ್ರೆ ನೀನಾಗಿ ಹೇಳೋಕೆ ಹೋಗ್ಬೇಡ."

"ಬೋಟು ಮೂವತ್ತೆಂಟು ಅಡಿ ಇದೆ ವೆಂಡಲ್. ಎಲ್ಲಿ ಬಚ್ಚಿಡ್ಲಿ?"

ಮುದುಕ ನಕ್ಕಿದ್ದ. ಮೂರೂ ಯಾರ್ಡು ಬಾಗಿಲು ಹಾಕಿದ ಮೇಲೆ ಅವಳು ಮತ್ತೆ ಅವನ ಮನೆಗೆ ಹೋದಾಗ ಅವನು ನಗಲಿಲ್ಲ. ಬಾಗಿಲು ಅರ್ಧ ತೆರೆದು, ರಸ್ತೆಯ ಆ ಕಡೆ ಈ ಕಡೆ ನೋಡಿ ಮಾತಾಡಿದ.

"ಯಾರ್ಡು ಬರೋಕೆ ಮುಂಚೆ ನಾವು ಬೋಟನ್ನ ದಕ್ಕೆ ಪಕ್ಕದಲ್ಲೇ ಕೂರಿಸ್ತಿದ್ವಿ. ನೀರು ಇಳಿದ ಮೇಲೆ ಕೆಳಗಿಳಿದು ಕೆಲಸ. ಕೆಸರಿನ ಕೆಳಗೆ ತೊಲೆ ಹಾಸಿದಾರೆ, ನಮ್ಮಪ್ಪನ ಕಾಲದ್ದು. ಏಣಿಯಿಂದ ಮೂರನೇ ಕಂಬ. ಅದರ ಮೇಲೆ ಕೂತ್ರೆ ಬೋಟು ಹೂತುಹೋಗಲ್ಲ. ಈಗಿನವರಿಗೆ ಅದು ಇರೋದೇ ಗೊತ್ತಿಲ್ಲ." ಬಾಗಿಲು ಮುಚ್ಚುತ್ತ ಮತ್ತೆ ಇಷ್ಟು ತೆರೆದ. "ನಾನು ಹೇಳಿದೆ ಅಂತ ಹೇಳ್ಬೇಡ."

ಮರುದಿನದ ಇಳಿತಕ್ಕೆ ಲೇವಿ ಕಬ್ಬಿಣದ ಸರಳು ಹಿಡಿದು ಕೆಸರಿಗಿಳಿದ. ಮೂರನೇ ಕಂಬದಲ್ಲಿ ಸರಳು ಎದೆಯಷ್ಟು ಆಳ ಸಲೀಸಾಗಿ ಇಳಿಯಿತು. ತೊಲೆ ಇರಲಿಲ್ಲ. ಮುದುಕನಿಗೆ ಮರೆವು ಎಂದುಕೊಂಡರು. ಡೋರೀನ್ ದಕ್ಕೆಯನ್ನು ಬಹಳ ಹೊತ್ತು ನೋಡಿದಳು. ಏಣಿಯ ಕಬ್ಬಿಣ ಹೊಸದು. ಅದರ ಆಚೆ, ಎರಡು ಕಂಬ ದೂರ, ಹಳೆಯ ಏಣಿಯ ಮೊಳೆಗಳ ತುಕ್ಕುಗಲೆ ಇತ್ತು. ಏಣಿಯನ್ನು ಯಾವಾಗಲೋ ಸರಿಸಿದ್ದರು. ಅಲ್ಲಿಂದ ಮೂರು ಕಂಬ ಎಣಿಸಿ ಸರಳು ಚುಚ್ಚಿದಾಗ ಗೇಣುದ್ದ ಕೆಸರಿನ ಕೆಳಗೆ ಠಕ್ ಎಂದಿತು.

"ಅಕ್ಕಾ, ಇದೆ."

"ಅಗಲ ನೋಡು. ಎಷ್ಟು ತೊಲೆ ಇದೆ ಎಣಿಸು."

ಒಂಬತ್ತು ಇತ್ತು. ಸಾಕಿತ್ತು.

*

ಆಗಸ್ಟ್ ಕೊನೆಯ ಒಂದು ಮಂಗಳವಾರ, ಬೆಳಗಿನ ಉಬ್ಬರಕ್ಕೆ ವರ್ನಾ ಮೇಯನ್ನು ತಂದು ದಕ್ಕೆಗೆ ಕಟ್ಟಿದರು. ಕಲ್ಲು ತುಂಬಿದ ಮೂವತ್ತು ಚೀಲಗಳನ್ನು ಅಕ್ಕ ತಮ್ಮ ಹೊತ್ತು ದಕ್ಕೆಯ ಕಡೆಯ ಬದಿಗೆ ಪೇರಿಸಿದರು. ಬೋಟು ಒಳಕ್ಕೆ, ದಕ್ಕೆಯ ಕಡೆಗೆ, ವಾಲಬೇಕು. ಹೊರಕ್ಕೆ ವಾಲಿದರೆ ನೀರು ಇಳಿದಾಗ ಮಗುಚಿ ಬೀಳುತ್ತದೆ. ಮತ್ತೆ ನೀರು ಬಂದಾಗ ಏಳುವುದಿಲ್ಲ, ತುಂಬುತ್ತದೆ. ಈ ಕೊಲ್ಲಿಯಲ್ಲಿ ನೀರು ದಿನಕ್ಕೆರಡು ಸಲ ಎರಡಾಳೆತ್ತರ, ಮೂರಾಳೆತ್ತರ ಏರಿ ಇಳಿಯುತ್ತದೆ. ಅದಕ್ಕೆ ಸಮಯವಿದೆ, ದಯೆಯಿಲ್ಲ.

ನೀರು ಇಳಿಯಿತು. ಅಡಿಮರ ತೊಲೆಯನ್ನು ಮುಟ್ಟಿತು. ಬೋಟು ನರಳಿ, ದಕ್ಕೆಗೆ ಒರಗಿ ಕೂತಿತು. ಒಳಪಕ್ಕ ಕಂಬಗಳಿಗೆ ಅಂಟಿಕೊಂಡಿದ್ದರಿಂದ ಅತ್ತ ಕೈ ಹೋಗುವಂತಿರಲಿಲ್ಲ. ಇವತ್ತು ಹೊರಪಕ್ಕ. ಬೋಟು ತಿರುಗಿಸಿ ಕಟ್ಟಿದರೆ ನಾಳೆ ಇನ್ನೊಂದು. ಹಾಗೆಂದು ಯೋಚಿಸಿದ್ದರು.

ಕೈಯಲ್ಲಿ ಐದೂವರೆ ಗಂಟೆ ಇತ್ತು.

ಡೋರೀನ್ ಅಂಗಾತ ಮಲಗಿ ಬೋಟಿನ ಅಡಿಗೆ ತೆವಳಿದಳು. ಬೆನ್ನ ಕೆಳಗೆ ಕೆಸರು ತಣ್ಣಗೆ ಹಿಂಡುತ್ತಿತ್ತು. ಚಾಕು ಹಾಕಿದರೆ ಹಳೆಯ ಹಲಗೆ ಚೀಸಿನಂತೆ ಬಿಟ್ಟುಕೊಂಡಿತು. ಉಳಿಯಿಂದ ಕೆತ್ತಿ, ಸನ್ನೆಗೋಲಿನಿಂದ ಮೀಟಿ, ತುಂಡು ತುಂಡಾಗಿ ಕಿತ್ತಳು. ತುಕ್ಕು ನೀರು, ಎಣ್ಣೆ, ಮರದ ಪುಡಿ ಎಲ್ಲ ಮುಖದ ಮೇಲೆಯೇ. ಬಾಯಿ ಬಿಗಿದಿದ್ದರೂ ಹಲ್ಲಿನ ಸಂದಿಗೆ ಹೋಯಿತು. ತೋಳು ಮೇಲೆತ್ತಿಯೇ ಹಿಡಿದು ಹಿಡಿದು ಭುಜ ಮರಗಟ್ಟಿತು. ಲೇವಿ ಮೊಳೆಗಳ ಬುಡ ಕತ್ತರಿಸುತ್ತ, ಪ್ರತಿ ಮೊಳೆಗೂ ಒಂದು ಬೈಗುಳ ಹೇಳುತ್ತ ಬಂದ. ಮೊಳೆಗಳು ನೂರಕ್ಕೆ ಮೇಲಿದ್ದವು. ಬೈಗುಳ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

ಒಂಬತ್ತರ ಹೊತ್ತಿಗೆ ಮೇಲೆ ಗಾಡಿಗಳು ಬಂದು ನಿಲ್ಲುವ ಸದ್ದಾಯಿತು. ಬಾಗಿಲು ಬಡಿಯುವ ಸದ್ದು. ದಕ್ಕೆಯ ಅಂಚಿನಲ್ಲಿ ಬೂಟುಗಳು ಸಾಲಾದವು.

"ಅಯ್ಯೋ, ಬೋಟು ಸತ್ತೋಯ್ತಾ?" ಡ್ವೇಯ್ನ್‌ನ ದನಿ.

"ಇಲ್ಲ ಕಣೋ, ಹಂದಿ ಮರಿ ಹಾಕ್ತಿದೆ. ಕೆಳಗೆ ನೋಡು, ಹಾಲು ಕುಡೀತಿವೆ" ಎಂದ ಇನ್ನೊಬ್ಬ.

ನಗು. ಡೋರೀನ್ ಹೊಸ ಹಲಗೆಯ ಅಳತೆ ಹಿಡಿಯುತ್ತಿದ್ದಳು. ಲೇವಿ ಕೈ ನಿಲ್ಲಿಸಿದ.

"ಕೆಲಸ ನೋಡು" ಎಂದಳು.

"ಅವನು ನಿನ್ನ…"

"ನನಗೂ ಕಿವಿ ಇದೆ ಲೇವಿ. ಆ ತುದಿ ಹಿಡಿ."

ಹಲಗೆಯನ್ನು ಹಿಂದಿನ ದಿನವೇ ಮನೆಯಲ್ಲಿ ಹಬೆ ಕೊಟ್ಟು ಬಾಗಿಸಿ, ಒದ್ದೆ ಕಂಬಳಿ ಸುತ್ತಿ ತಂದಿದ್ದರು. ಇಬ್ಬರೂ ಭುಜ ಕೊಟ್ಟು ಎತ್ತಿದರು. ಹದಿನಾಲ್ಕು ಅಡಿ ಓಕ್ ಮರ. ಡೋರೀನ್ ಮಂಡಿಯೂರಿ, ತಲೆಯಿಂದಲೇ ಒತ್ತಿ ಹಿಡಿದಳು. ಲೇವಿ ಮೊದಲ ತಿರುಪು ಹಾಕಲು ಯಂತ್ರದ ಬೈರಿಗೆ ಎತ್ತಿಕೊಂಡ.

ಆಗ ಮೇಲಿನಿಂದ ಬಿತ್ತು.

ಎರೆಗೆ ಇಟ್ಟ ಹೆರಿಂಗ್ ಮೀನಿನ ನೀರು. ಉಪ್ಪು ಹಾಕಿ ವಾರಗಟ್ಟಲೆ ಪೀಪಾಯಿಯಲ್ಲಿ ಕೊಳೆತದ್ದು. ಬೋಟಿನ ಬದಿಗುಂಟ ಸುರಿದು, ಡೋರೀನ್‌ಳ ಕತ್ತಿನ ಮೇಲೆ, ಕಾಲರಿನ ಒಳಗೆ, ಬೆನ್ನಿಗೆ ಇಳಿಯಿತು. ಕಣ್ಣಿಗೂ ಹೋಯಿತು. ಕೈ ಬಿಡುವಂತಿರಲಿಲ್ಲ. ಬಿಟ್ಟರೆ ಹಲಗೆ ಸೀಳುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡು ಒತ್ತಿ ಹಿಡಿದೇ ಇದ್ದಳು. ಒಂದು ಮೀನಿನ ತಲೆ ಕೂದಲಲ್ಲಿ ಸಿಕ್ಕಿಕೊಂಡಿತ್ತು.

"ಕಾಣಿಸ್ಲಿಲ್ಲ ಕಣಮ್ಮ" ಎಂದು ಡ್ವೇಯ್ನ್ ಕೂಗಿದ. "ಪೀಪಾಯಿ ತೊಳೀತಿದ್ದೆ."

ಲೇವಿ ಏಣಿಯ ಕಡೆಗೆ ಹೊರಟಾಗಿತ್ತು.

"ತಿರುಪು ಹಾಕು."

"ಅಕ್ಕಾ!"

"ತಿರುಪು ಹಾಕೋ! ನೀನು ಮೇಲೆ ಹೋಗಿ ಒಬ್ಬನ ಮೂಗು ಒಡೀತೀಯ. ಪೊಲೀಸ್ ಬರ್ತಾರೆ. ನಿನ್ನನ್ನ ಕರಕೊಂಡು ಹೋಗ್ತಾರೆ. ನೀರು ಬರುತ್ತೆ. ನಾನೊಬ್ಬಳೇ ಈ ತೂತು ಮುಚ್ಚೋದು ಹೇಗೆ? ಅವರಿಗೆ ಬೇಕಾಗಿರೋದು ಅದೇ."

ಲೇವಿ ಹಿಂದಿರುಗಿದ. ಬೈರಿಗೆ ಒತ್ತಿದ. ಮೂರು ತಿರುಪು ಕೂತವು. ನಾಲ್ಕನೆಯದರ ನಡುವೆ ಬೈರಿಗೆ ನಿಂತಿತು. ದಕ್ಕೆಯ ಮೇಲಿನ ವಿದ್ಯುತ್ ಕಂಬದಿಂದ ಎಳೆದಿದ್ದ ತಂತಿ ಸಡಿಲವಾಗಿ, ಹಾವಿನಂತೆ ಕೆಸರಿಗೆ ಬಿತ್ತು. ಗಾರ್ನೆಟ್ ಅಂಚಿನಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ.

"ಕರೆಂಟು ಸಮಿತಿ ಸದಸ್ಯರಿಗೆ ಮಾತ್ರ."

"ಈ ವರ್ಷದ ಬಾಡಿಗೆ ಕಟ್ಟಿದೀನಿ ಗಾರ್ನೆಟ್" ಎಂದು ಡೋರೀನ್ ಕೆಳಗಿನಿಂದ ಕೂಗಿದಳು. "ನೀನೇ ರಸೀದಿ ಕೊಟ್ಟಿದ್ದು."

"ಜಾಗಕ್ಕೆ ಬಾಡಿಗೆ. ಕರೆಂಟಿಗಲ್ಲ."

ಡಬ್ಬಿಯ ತಳದಲ್ಲಿ ಅವರಪ್ಪನ ಕೈಬೈರಿಗೆ ಇತ್ತು. ಎದೆಯ ಮೇಲಿಟ್ಟುಕೊಂಡು ಒತ್ತಿ ತಿರುಗಿಸುವಂಥದು. ಒಂದೊಂದು ತೂತಿಗೆ ಎರಡು ನಿಮಿಷ. ಲೇವಿ ತಿರುಗಿಸಿದ. ಅವನು ಸೋತಾಗ ಡೋರೀನ್ ತಿರುಗಿಸಿದಳು. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಉಪ್ಪುನೀರು ಹತ್ತಿ ಉರಿಯಿತು. ಮೇಲೆ ನಿಂತವರಿಗೆ ಬೇಸರವಾಗಿ ಕಾಫಿ ತರಲು ಹೋದರು. ಬಂದರು. ಇವರು ತಂದಿದ್ದ ರೊಟ್ಟಿ ಮತ್ತು ಚಹಾ ಹಾಗೇ ಇತ್ತು. ತಿನ್ನಲು ಕೈಗಳು ಕೈಗಳಂತಿರಲಿಲ್ಲ.

ಎರಡನೆಯ ಹಲಗೆ ಕೂತಾಗ ಹನ್ನೆರಡೂವರೆ. ಸಂದಿಗೆ ಹತ್ತಿಯ ಎಳೆ ತುಂಬಬೇಕು. ಉಳಿಯಿಟ್ಟು ಕೊಡತಿಯಿಂದ ಬಡಿದು, ಅದರ ಮೇಲೆ ಪುಟ್ಟಿ ಮೆತ್ತಬೇಕು. ಇಪ್ಪತ್ತೆಂಟು ಅಡಿ ಉದ್ದದ ಸಂದು. ನೀರು ಆಗಲೇ ಕೆಸರಿನ ಮೇಲೆ ನಾಲಗೆ ಚಾಚುತ್ತ ಬರುತ್ತಿತ್ತು. ಮೊದಲು ಬೂಟಿನ ಅಡಿ, ಆಮೇಲೆ ಕಣಕಾಲು. ಅಂಗಾತ ಮಲಗಿದ ಡೋರೀನ್‌ಳ ಕಿವಿಗೆ ನೀರು ಬಂತು. ಅವಳು ಕತ್ತು ಎತ್ತಿ ಹಿಡಿದು ಬಡಿದಳು. ಕೊನೆಯ ಎರಡು ಅಡಿಯನ್ನು ಕಣ್ಣಿಗೆ ಕಾಣದೆ, ಬೆರಳಿನಿಂದ ತಡವಿ ಬಡಿದಳು. ಲೇವಿ ಅವಳ ಭುಜ ಹಿಡಿದು ಹೊರಗೆ ಎಳೆದ.

"ಸಾಕು ಬಾ. ಸಾಕು."

"ಪುಟ್ಟಿ?"

"ಹಾಕಿದೀನಿ. ಬಾರೇ ಅಕ್ಕಾ."

ಬೋಟಿನ ಒಳಗೆ ಹೋಗಿ ಕಾಲಡಿಯ ನೆಲಹಾಸಿನ ಹಲಗೆ ಎತ್ತಿ, ಇಬ್ಬರೂ ಮಂಡಿಯೂರಿ ನೋಡುತ್ತ ಕೂತರು. ನೀರು ಹೊರಗೆ ಏರಿತು. ಹೊಸ ಹಲಗೆಯ ಅಂಚಿನಲ್ಲಿ ಬೆವರಿನಂತೆ ಹನಿ ಮೂಡಿತು. ಅರ್ಧ ಗಂಟೆಯಲ್ಲಿ ಮರ ಉಬ್ಬಿ, ಹನಿ ನಿಂತಿತು. ಇನ್ನೊಂದು ಪಕ್ಕದಲ್ಲಿ, ಹಳೆಯ ಹಲಗೆಯ ಕಡೆ, ಎಂದಿನಂತೆ ಸಣ್ಣಗೆ ಜುಳುಜುಳು ಎನ್ನುತ್ತ ನೀರು ಬರುತ್ತಲೇ ಇತ್ತು.

*

ಬೋಟು ತೇಲಿದಾಗ ಎರಡೂಕಾಲು. ಗಾರ್ನೆಟ್ ಒಂದು ಕಾಗದವನ್ನು ಏಣಿಯ ಮೇಲಿನ ಕಂಬಕ್ಕೆ ಹೊಡೆದ. ಹೊಡೆದು ಓದಿಯೂ ಹೇಳಿದ.

"ದಕ್ಕೆ ಪಕ್ಕ ನೆಲಕ್ಕೆ ಕೂರಿಸಿ ರಿಪೇರಿ ಮಾಡೋದನ್ನ ಸಮಿತಿ ನಿಷೇಧಿಸಿದೆ. ಇವತ್ತಿನ ಉಬ್ಬರಕ್ಕೆ ಬೋಟು ಇಲ್ಲಿಂದ ಹೋಗಿರಬೇಕು."

"ಯಾವಾಗ ನಿಷೇಧಿಸಿದ್ದು?"

"ಊಟದ ಹೊತ್ತಲ್ಲಿ."

ಡೋರೀನ್ ಲೇವಿಯ ಮುಖ ನೋಡಿದಳು. ಇಬ್ಬರಿಗೂ ನಿಲ್ಲುವ ಶಕ್ತಿಯಿರಲಿಲ್ಲ. ರಿಸರ್ವಿನ ಹಳ್ಳದ ಬಾಯಿಗೆ ತೆಗೆದುಕೊಂಡು ಹೋಗಿ ಕಟ್ಟಬಹುದು. ಅಲ್ಲಿ ತೊಲೆಯಿಲ್ಲ, ಬರೀ ಕೆಸರು. ಇನ್ನೊಂದು ಪಕ್ಕ ಹಾಗೇ ಉಳಿಯುತ್ತದೆ. ಮುಂದೆಂದಾದರೂ ನೋಡಿದರಾಯಿತು. ಪಂಪು ಇದೆಯಲ್ಲ. "ಹೋಗೋಣ" ಎಂದಳು. ಹೇಳಿದ ಮೇಲೆ ಬಾಯಿ ಕಹಿಯಾಯಿತು.

ಆದರೆ ಹೋಗುವುದಕ್ಕೂ ಬಿಡಲಿಲ್ಲ. ಮೂರು ಗಂಟೆಗೆ ಎರಡು ಬೋಟು ಬಂದು ವರ್ನಾ ಮೇಗೆ ಒತ್ತಿ ನಿಂತವು. ಮೊದಲನೆಯದು ಡ್ವೇಯ್ನ್‌ನ ಭಾವಮೈದನದು, ಅದರಲ್ಲಿ ಡ್ವೇಯ್ನ್. ಅದರ ಹೊರಗೆ ಇನ್ನೊಂದು. ಹಗ್ಗ ಬಿಗಿದು, ವರ್ನಾ ಮೇಯನ್ನು ದಕ್ಕೆಗೂ ತಮಗೂ ನಡುವೆ ಸಿಕ್ಕಿಸಿ, ಅವರು ಒಳಗೆ ರೇಡಿಯೋ ಹಾಕಿಕೊಂಡು ಕೂತರು.

ಒಳಗಿನ ಬೋಟು ಹೊರಡಬೇಕೆಂದರೆ ಹೊರಗಿನದು ಹಗ್ಗ ಬಿಚ್ಚಬೇಕು. ಕೇಳಬೇಕು, ಬಿಚ್ಚಬೇಕು, ಅಷ್ಟೇ. ತಮ್ಮ ತಮ್ಮಲ್ಲಿ ಮಾತು ಬಿಟ್ಟವರೂ ಈ ಕೊಲ್ಲಿಯಲ್ಲಿ ಅದನ್ನು ಮುರಿಯುವುದಿಲ್ಲ. ಇನ್ನೊಬ್ಬನ ಹಗ್ಗವನ್ನು ಕೇಳದೆ ಮುಟ್ಟುವುದೂ ಇಲ್ಲ. ಡೋರೀನ್ ಐದು ಗಂಟೆಗೆ, ಉಬ್ಬರ ತುಂಬಿದಾಗ, ಬದಿ ದಾಟಿ ಡ್ವೇಯ್ನ್‌ನ ಕಿಟಕಿ ತಟ್ಟಿದಳು.

"ಡ್ವೇಯ್ನ್, ನಾನು ಹೊರಡಬೇಕು."

"ಹೊರಡು. ನಿನ್ನನ್ನ ಯಾರು ಹಿಡ್ಕೊಂಡಿದಾರೆ?"

"ಹಗ್ಗ ಬಿಚ್ಚು."

"ಹಂಗಲ್ಲ ಕೇಳೋದು. ದಯವಿಟ್ಟು ಅನ್ನು."

ದಕ್ಕೆಯ ಮೇಲೆ ಹತ್ತು ಹನ್ನೆರಡು ಜನ. ಒಬ್ಬ ಫೋನ್ ಎತ್ತಿ ಹಿಡಿದಿದ್ದ. ವೆಂಡಲ್‌ನ ಹಳೆಯ ನೀಲಿ ಗಾಡಿಯೂ ಅವರ ಹಿಂದೆ ನಿಂತಿತ್ತು. ಅವನು ಒಳಗೇ ಕೂತಿದ್ದ. ಗಾಜು ಮೇಲಕ್ಕಿತ್ತು.

"ದಯವಿಟ್ಟು" ಎಂದಳು.

"ದಯವಿಟ್ಟು ಕ್ಯಾಪ್ಟನ್."

ಅವಳ ಮೈಯಿಂದ ಹೆರಿಂಗ್ ನಾತ ಹೊಡೆಯುತ್ತಿತ್ತು. ಮನೆಗೆ ಹೋಗಿ ಬಿಸಿನೀರು ಹುಯ್ದುಕೊಂಡರೆ ಸಾಕು ಎನಿಸಿತ್ತು.

"ದಯವಿಟ್ಟು ಕ್ಯಾಪ್ಟನ್."

ಡ್ವೇಯ್ನ್ ಕಿವಿಗೆ ಕೈ ಹಿಡಿದ. "ಕೇಳಿಸ್ಲಿಲ್ಲ. ಮೇಲಿರೋರಿಗೂ ಕೇಳಿಸ್ಲಿ."

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಚಿಕ್ಕ ವಯಸ್ಸು. ಗಲ್ಲದಲ್ಲಿ ಆಲೂಗಡ್ಡೆ ಚಿಪ್ಸಿನ ಪುಡಿ. ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಹೊರಡಿಸಬಾರದು ಎಂದು ಆಗ ತಿಳಿಯಿತು. ತಿರುಗಿ ತನ್ನ ಬೋಟಿಗೆ ದಾಟಿಕೊಂಡಳು. ಹಿಂದೆ ಸಿಳ್ಳೆ ಕೇಳಿಸಿತು.

ಲೇವಿ ಎರೆ ಕತ್ತರಿಸುವ ಚಾಕು ಹಿಡಿದು ನಿಂತಿದ್ದ. "ಕತ್ತರಿಸಿಬಿಡ್ತೀನಿ. ಹಗ್ಗ ಅಲ್ಲ, ಏನು ಬೇಕಾದ್ರೂ."

"ಒಳಗಿಡು."

"ಹಾಗೆ ಕೇಳಬಾರದಿತ್ತು ನೀನು."

"ಹೌದು. ಕೇಳಬಾರದಿತ್ತು." ಅವಳು ಚೀಲಗಳ ಮೇಲೆ ಕೂತಳು. "ಕೂತ್ಕೋ. ರೊಟ್ಟಿ ಕೊಡು. ಉಬ್ಬರ ತುಂಬಿ ಆಯ್ತು. ನೀರು ಅವರ ಮಾತು ಕೇಳಲ್ಲ."

ಇಬ್ಬರೂ ರೊಟ್ಟಿ ತಿಂದರು. ತಣ್ಣಗಿನ ಚಹಾ ಕುಡಿದರು. ನೀರು ಒಂದಿಷ್ಟು ಹೊತ್ತು ಎತ್ತಲೂ ಹೋಗದೆ ನಿಂತು, ನಿಧಾನವಾಗಿ ಇಳಿಯತೊಡಗಿತು. ವರ್ನಾ ಮೇಯ ಕೆಳಗೆ ತೊಲೆಗಳಿದ್ದವು, ಒರಗಲು ದಕ್ಕೆಯಿತ್ತು. ಹೊರಗಿನ ಎರಡು ಬೋಟಿಗೆ ಕೆಳಗೆ ಬರೀ ಕೆಸರು. ಒಳಗಿನ ಬೋಟು ತೊಲೆಯ ಮೇಲೆ ಕೂತಮೇಲೆ ಅವು ಹಗ್ಗದಲ್ಲಿ ನೇತಾಡಿ ಮಗುಚಬೇಕು. ಡ್ವೇಯ್ನ್‌ಗೆ ಅದು ಹೊಳೆಯಲು ಒಂದು ಗಂಟೆ ಹಿಡಿಯಿತು. ಹೊರಗಿನವನಿಗೆ ಮೊದಲೇ ಹೊಳೆದಿತ್ತು. ಅವನು ಹಗ್ಗ ಬಿಚ್ಚಿಕೊಂಡು ಆಳದ ಕಡೆ ಹೋದ. ಡ್ವೇಯ್ನ್ ಕಂಬ ನೋಡಿದ, ನೀರಿನ ಗುರುತು ನೋಡಿದ, ರೇಡಿಯೋ ಆರಿಸಿದ. ತಾನೇ ಬಂದು ತನ್ನ ಹಗ್ಗ ಬಿಚ್ಚಿಕೊಳ್ಳುವಾಗ ಡೋರೀನ್‌ಳ ಕಡೆ ನೋಡಲಿಲ್ಲ.

"ಅಪ್ಪಣೆ ಆಯ್ತಾ ಕ್ಯಾಪ್ಟನ್?" ಎಂದ ಲೇವಿ.

"ಮುಚ್ಕೊಂಡಿರು."

ಗಾರ್ನೆಟ್ ದಕ್ಕೆಯ ಮೇಲಿನಿಂದ ಚಪ್ಪಾಳೆ ತಟ್ಟಿದ. "ನೀನೂ ಹೊರಡು ಈಗ. ಬೇಗ, ಬೇಗ. ನೀರು ಹೋಗುತ್ತೆ."

ಡೋರೀನ್ ಎಂಜಿನ್ ಶುರು ಮಾಡಿದಳು. ಲೇವಿ ಮುಂದಿನ ಹಗ್ಗ, ಹಿಂದಿನ ಹಗ್ಗ ಎತ್ತಿಕೊಂಡ. ವರ್ನಾ ಮೇ ದಕ್ಕೆಯನ್ನು ಬಿಟ್ಟು ಈಚೆಗೆ ಬಂತು. ಮೇಲೆ ನಿಂತ ಗಾಡಿಯವರೆಲ್ಲ ಹಾರನ್ ಒತ್ತಿದರು. ಒಬ್ಬ ಟೋಪಿ ಬೀಸಿದ. ಫೋನ್ ಹಿಡಿದವನು ಅಂಚಿಗೆ ಓಡಿಬಂದ.

ಐವತ್ತು ಮಾರು ಹೋದಳು. ಕೊಲ್ಲಿಯ ಬಾಯಿ ಎದುರಿಗಿತ್ತು. ಕಾಲ ಕೆಳಗೆ ಪಂಪು ಗುಡುಗುಡು ಎಂದು ಓಡತೊಡಗಿತು. ಒಂದು ಪಕ್ಕ ಹೊಸದು, ಒಂದು ಪಕ್ಕ ಕೊಳೆತದ್ದು. ಈ ಊರು ಇವರಿಗೆ ಯಾವಾಗಲೂ ಬಿಟ್ಟುಕೊಟ್ಟದ್ದು ಇಷ್ಟೇ. ಸಾಯುವುದಕ್ಕೆ ಸಾಕಾಗುವಷ್ಟು ಬೋಟು. ನವೆಂಬರ್ ಬರುತ್ತದೆ. ಅಡ್ಡಗಾಳಿ ಏಳುತ್ತದೆ. ದಡ್ಡರು ಎಂದು ಮಾತಾಡಿಕೊಳ್ಳುತ್ತಾರೆ. ಈ ಸಲ ಲೇವಿಯ ಬೂಟು ಸಿಗುತ್ತದೆ.

ಅವಳು ಚುಕ್ಕಾಣಿಯ ಚಕ್ರವನ್ನು ಕೊನೆಯವರೆಗೆ ತಿರುಗಿಸಿದಳು.

"ಅಕ್ಕಾ, ದಾರಿ ಆ ಕಡೆ" ಎಂದ ಲೇವಿ.

"ಗೊತ್ತು. ಹಗ್ಗ ಆ ಪಕ್ಕಕ್ಕೆ ತಗೊಂಡು ಹೋಗು."

ಲೇವಿ ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಹಗ್ಗ ಎತ್ತಿಕೊಂಡು ಓಡಿದ.

ಬೋಟು ಸುತ್ತು ಹೊಡೆದು ಹಿಂದಕ್ಕೆ ಬಂತು. ಹಾರನ್ ಇನ್ನೂ ಕೂಗುತ್ತಲೇ ಇತ್ತು. ಒಂದು ನಿಂತಿತು. ಇನ್ನೊಂದು ನಿಂತಿತು. ಕೊನೆಗೆ ಒಂದೇ ಒಂದು, ಏನಾಗುತ್ತಿದೆ ಎಂದು ತಿಳಿಯದವನದು, ಕೂಗಿ ಅದೂ ನಿಂತಿತು. ಡೋರೀನ್ ಬೋಟಿನ ಮೂತಿಯನ್ನು ಬೆಳಗ್ಗೆ ಇದ್ದದ್ದಕ್ಕೆ ಎದುರು ದಿಕ್ಕಿಗೆ ಮಾಡಿ, ಹೊಸ ಪಕ್ಕವನ್ನು ದಕ್ಕೆಗೆ ಒತ್ತಿದಳು. ಹಳೆಯ ಪಕ್ಕ ಹೊರಗೆ ಬಂತು.

ಲೇವಿ ಹಗ್ಗ ಎಸೆದ. ಬಂದ ಹಗ್ಗವನ್ನು ದಕ್ಕೆಯ ಮೇಲಿದ್ದವನು ಹಿಡಿಯಬೇಕು, ಯಾರೇ ಆಗಲಿ. ಹಗ್ಗ ಅವರ ಬೂಟುಗಳ ನಡುವೆ ಬಿತ್ತು. ಯಾರೂ ಬಗ್ಗಲಿಲ್ಲ. ಹಗ್ಗ ಜಾರಿ ಮತ್ತೆ ನೀರಿಗೆ ಬಿತ್ತು. ನೀಲಿ ಗಾಡಿಯ ಬಾಗಿಲು ತೆರೆಯಿತು. ವೆಂಡಲ್ ಒಂದು ಕಾಲು ಕೆಳಗಿಟ್ಟ. ಗಾರ್ನೆಟ್ ತಿರುಗಿ ನೋಡಿದ. ವೆಂಡಲ್ ಕಾಲು ಒಳಗೆ ತೆಗೆದುಕೊಂಡ. ಬಾಗಿಲು ಮುಚ್ಚಿತು.

ಡೋರೀನ್ ಅದನ್ನು ನೋಡಿದಳು. ನೋಡಿ, ಎಂಜಿನ್‌ನಿಂದಲೇ ಬೋಟನ್ನು ಕಂಬಕ್ಕೆ ಒತ್ತಿ ಹಿಡಿದಳು. ಲೇವಿ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಏಣಿಗೆ ಹಾರಿದ. ಮೇಲೆ ಹತ್ತಿ, ಬೂಟುಗಳ ನಡುವೆಯೇ ಮಂಡಿಯೂರಿ, ಗೂಟಕ್ಕೆ ಸುತ್ತಿ ಬಿಗಿದ.

"ಏ! ಹೋಗು ಅಂದಿದ್ದೆ ನಾನು!" ಗಾರ್ನೆಟ್‌ನ ಮುಖ ಕೆಂಪಾಗಿತ್ತು. "ಕಾಗದ ಓದಿ ಹೇಳಿದೀನಿ!"

"ಕೇಳಿಸ್ಕೊಂಡೆ."

"ಮತ್ತೆ?"

"ಹೋಗಲ್ಲ."

"ಪೊಲೀಸ್ ಕರೀತೀನಿ."

"ಕರಿ. ಈ ಬೋಟು ಕೆಳಗೆ ಎರಡು ಹಲಗೆ ಕೊಳೆತಿದೆ. ಅದನ್ನ ಹಾಕದೆ ನಾನು ಈ ದಕ್ಕೆ ಬಿಡಲ್ಲ. ನಾಳೆ ನಿಮ್ಮ ಪೀಪಾಯಿ ತೊಳಕೊಳ್ಳಿ, ಕರೆಂಟು ಕಿತ್ಕೊಳ್ಳಿ. ಹಾಕಿಯೇ ಹೋಗ್ತೀನಿ. ಹೋಗಿ ಬೋನು ಇಟ್ಟು, ಮತ್ತೆ ಇಲ್ಲಿಗೇ ಬಂದು ಕಟ್ತೀನಿ."

ಅವಳು ಎಂಜಿನ್ ಆರಿಸಿದಳು. ಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅವಳಿಗೆ ಕೇಳಲು ಪುರಸೊತ್ತಿರಲಿಲ್ಲ. ನೀರು ಇಳಿಯುತ್ತಿತ್ತು. ಚೀಲಗಳೆಲ್ಲ ಈಗ ಹೊರಬದಿಯಲ್ಲಿದ್ದವು. ಬೋಟು ನೆಲ ಮುಟ್ಟುವ ಮೊದಲು ಮೂವತ್ತನ್ನೂ ಈಚೆ ಬದಿಗೆ ತರಬೇಕು. ಒಡೆದ ಅಂಗೈಗೆ ಬಟ್ಟೆ ಸುತ್ತಿಕೊಂಡಳು. ಮೊದಲ ಚೀಲವನ್ನು ಹೊಟ್ಟೆಗೆ ಒತ್ತಿ ಎತ್ತಿದಳು. ಲೇವಿ ಇಳಿದು ಬಂದು ಎರಡನೆಯದನ್ನು ಎತ್ತಿದ. ಹತ್ತಾಯಿತು. ಇಪ್ಪತ್ತಾಯಿತು. ಬೋಟು ಸ್ವಲ್ಪ ಸ್ವಲ್ಪವೇ ದಕ್ಕೆಯ ಕಡೆಗೆ ವಾಲಿತು. ಕೊನೆಯ ಚೀಲವನ್ನು ಇಬ್ಬರೂ ಸೇರಿ ಎಳೆದು ಹಾಕುವ ಹೊತ್ತಿಗೆ ಅಡಿಮರ ಕೆಳಗಿನ ತೊಲೆಗೆ ಒಮ್ಮೆ ಗುದ್ದಿತು. ಇನ್ನೊಮ್ಮೆ ಗುದ್ದಿತು. ಆಮೇಲೆ ಅಲುಗಲಿಲ್ಲ.